ಬಡಾ ಸಿಮ್ಲಾ ಗುಡ್ಡದ ನಾಲ್ಕು ಕಶೇರುಮಣಿಗಳು

ಮಧ್ಯಪ್ರದೇಶದ ಜಬಲ್ಪುರದಲ್ಲಿ ಬಡಾ ಸಿಮ್ಲಾ ಎಂಬ ಗುಡ್ಡವಿದೆ. 1917ರಿಂದ 1919ರವರೆಗೆ ಬ್ರಿಟಿಷ್ ಭೂವಿಜ್ಞಾನಿ ಚಾರ್ಲ್ಸ್ ಮ್ಯಾಟ್ಲಿ ಅಲ್ಲಿ ಅಗೆಸಿದಾಗ ಡೈನೋಸಾರ್ ಮೂಳೆಗಳು ರಾಶಿರಾಶಿಯಾಗಿ ಸಿಕ್ಕವು. ಭಾರೀ ಮೃಗಗಳ ಆ ಮೂಳೆಗಳ ನಡುವೆ ಪುಟ್ಟ ಕಶೇರುಮಣಿಗಳೂ, ಅಂದರೆ ಬೆನ್ನುಹುರಿಯನ್ನು ಸುತ್ತುವ ಮೂಳೆಗಳೂ, ಇದ್ದವು: ಕತ್ತಿನವು ಮೂರು, ಬೆನ್ನಿನದು ಒಂದು. ಈ ನಾಲ್ಕನ್ನೇ ನೆಚ್ಚಿಕೊಂಡು 1933ರಲ್ಲಿ ಜರ್ಮನ್ ವಿಜ್ಞಾನಿ ಫ್ರೀಡ್ರಿಶ್ ಫಾನ್ ಹ್ಯೂನ ಮತ್ತು ಮ್ಯಾಟ್ಲಿ ಒಂದು ಹೊಸ ಪ್ರಾಣಿಗೆ ಲೇವಿಸ್ಯೂಕಸ್ ಇಂಡಿಕಸ್ ಎಂದು ಹೆಸರಿಟ್ಟರು. ಎರಡು ಕಾಲಲ್ಲಿ ಓಡಾಡುತ್ತಿದ್ದ ಥೆರೋಪಾಡ್ ಗುಂಪಿನ ಪ್ರಾಣಿ ಅದು.

ಕತ್ತಿನ ಮಣಿಯನ್ನು ಹತ್ತಿರದಿಂದ ನೋಡಬೇಕು. ಅದರ ಮೇಲಿನ ಮುಳ್ಳು, ಅಂದರೆ ಮೇಲಕ್ಕೆ ಚಾಚಿದ ಮೂಳೆಯ ಭಾಗ, ಗಿಡ್ಡ. ನಡುವೆ ನಿಲ್ಲದೆ ಮುಂಭಾಗಕ್ಕೆ ಸರಿದಿದೆ. ಸ್ನಾಯುಗಳು ಅಂಟುತ್ತಿದ್ದ ಹಿಂಬದಿಯ ಚಾಚುಗಳು ಉದ್ದವಾಗಿವೆ. ಇಂಥ ಸಣ್ಣ ಗುರುತುಗಳೇ ಪ್ರಾಣಿಯ ಕುಲವನ್ನು ಹೇಳುತ್ತವೆ. ಆದರೆ ಆ ಗುರುತುಗಳನ್ನು ಓದಲು ಜೊತೆಗಿಟ್ಟು ಹೋಲಿಸುವ ಮೂಳೆ ಬೇಕಲ್ಲ! 1933ರಲ್ಲಿ ಅದು ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಹ್ಯೂನ ಇದನ್ನು ಹಗುರ ಮೈಯ ಸೀಲುರೋಸಾರ್‌ಗಳ ಸಾಲಿಗೆ ಸೇರಿಸಿದರು. ಅಂದಿನ ತಿಳಿವಳಿಕೆಗೆ ಅದು ಸರಿಯಾದ ಊಹೆಯೇ.

ಉತ್ತರ ಬಂದದ್ದು ಸಮುದ್ರದಾಚೆಯಿಂದ. 1980ರಲ್ಲಿ ಅರ್ಜೆಂಟೀನಾದ ನೋಅಸಾರಸ್ ಎಂಬ ಡೈನೋಸಾರ್ ಬೆಳಕಿಗೆ ಬಂತು. ಅದರದೂ ಬಿಡಿ ಮೂಳೆಗಳೇ. ಅದರ ಬಾಗಿದ ಉಗುರೊಂದನ್ನು ಮೊದಲು ಕಾಲಿನದೆಂದರು, ಆಮೇಲೆ ಕೈಯದೆಂದರು. ಮೂಳೆ ಕಡಿಮೆಯಿದ್ದಾಗ ತೊಡಕು ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. 2001ರಲ್ಲಿ ಮಡಗಾಸ್ಕರ್‌ನ ಮಸಿಯಾಕಸಾರಸ್ ಪ್ರಕಟವಾಯಿತು. ಸುಮಾರು 2 ಮೀಟರ್ ಉದ್ದದ ಈ ಪ್ರಾಣಿಯ ಬಹಳಷ್ಟು ಮೂಳೆಗಳು ಸಿಕ್ಕಿದ್ದವು. ಕೆಳದವಡೆಯ ಮುಂಭಾಗದ ಹಲ್ಲುಗಳು ಮುಂದಕ್ಕೆ ಚಾಚಿದ್ದವು. ಅದರ ಕತ್ತಿನ ಪಕ್ಕದಲ್ಲಿಟ್ಟು ನೋಡಿದಾಗ ಜಬಲ್ಪುರದ ಮಣಿಗಳ ನೆಂಟಸ್ತಿಕೆ ನಿಚ್ಚಳವಾಯಿತು. ಮೂರೂ ನೋಅಸಾರಿಡ್ ಕುಟುಂಬದವು.

ಇದರಲ್ಲಿ ಆಶ್ಚರ್ಯವಿಲ್ಲ. ಭಾರತ, ಮಡಗಾಸ್ಕರ್, ದಕ್ಷಿಣ ಅಮೆರಿಕ ಮೂರೂ ಒಂದು ಕಾಲಕ್ಕೆ ಗೊಂಡ್ವಾನಾ ಮಹಾಖಂಡದ ಭಾಗಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಕಳಚಿಕೊಂಡು ಹೊರಟ ಭಾರತದ ಮೇಲೆ ಈ ವಂಶವೂ ಉಳಿದುಕೊಂಡಿತ್ತು. ಲೇವಿಸ್ಯೂಕಸ್ ಬದುಕಿದ್ದು ಡೈನೋಸಾರ್‌ಗಳ ಕಾಲದ ಕೊನೆಯ ಘಟ್ಟವಾದ ಕ್ರಿಟೇಶಿಯಸ್ ಯುಗದ ಕೊನೆಗಾಲದಲ್ಲಿ. ಬೀದರ್, ವಿಜಯಪುರ, ಬೆಳಗಾವಿಯ ಕಪ್ಪುಬಂಡೆಯಾದ ದಖ್ಖನ್ ಲಾವಾ ಹರಿದದ್ದೂ ಆಸುಪಾಸಿನ ಕಾಲದಲ್ಲೇ.

ನಮ್ಮ ಕೊರತೆ ಬೇರೆಯೇ ಇದೆ. 1933ರಲ್ಲಿ ವರ್ಣಿಸಿದ ಮಣಿಗಳಲ್ಲಿ ಹೆಚ್ಚಿನವು ಕಣ್ಮರೆಯಾಗಿವೆ. ಅವುಗಳ ಮಟ್ಟಿಗೆ ಇಂದಿನ ಸಂಶೋಧಕರಿಗೆ ಆಸರೆಯಾಗಿರುವುದು ಹ್ಯೂನ ಮತ್ತು ಮ್ಯಾಟ್ಲಿ ಬರೆದಿಟ್ಟ ವಿವರಣೆ ಮತ್ತು ಅದರ ಜೊತೆ ಅಚ್ಚಾದ ಚಿತ್ರಗಳು.