ಸ್ವತಂತ್ರ ನಿರ್ದೇಶಕಿ: ಯಾರಿಂದ ಸ್ವತಂತ್ರ?

ಕಳೆದ ವಾರ ವಾಟ್ಸ್ಆಪ್‌ನಲ್ಲಿ ಮತ್ತೊಂದು ಅಭಿನಂದನೆ ಕಾರ್ಡ್ ಬಂತು. ಕಂಪನಿ ಕಟ್ಟಿದವರ ಸೊಸೆ ಅದೇ ಕಂಪನಿಯ ‘ಸ್ವತಂತ್ರ ನಿರ್ದೇಶಕಿ’ ಆಗಿದ್ದಾರಂತೆ. ಇಂಥ ಕಾರ್ಡು ನೋಡಿ ನೋಡಿ ಸಾಕಾಗಿದೆ. ಸೊಸೆ ನಿರ್ದೇಶಕಿ ಆಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾವನ ಕಂಪನಿಯಲ್ಲಿ ಸ್ವತಂತ್ರ ನಿರ್ದೇಶಕಿ ಆಗಲು ಬರುವುದಿಲ್ಲ. ಸ್ವತಂತ್ರ ನಿರ್ದೇಶಕಿ ಅಂದರೆ ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂತರೂ ಕಂಪನಿಗೂ ಅದನ್ನು ಕಟ್ಟಿದವರಿಗೂ ನಂಟಿಲ್ಲದವರು.

ಬರೆದವರು ‘ಸ್ವತಂತ್ರ ಮಹಿಳೆ’ ಅಂದುಕೊಂಡಿರಬೇಕು. ತನ್ನ ಕಾಲ ಮೇಲೆ ತಾನು ನಿಂತವಳು ಅಂತ. ಇಲ್ಲಿ ಆ ಅರ್ಥ ಹೊಂದುವುದೇ ಇಲ್ಲ. ಕೇಳಬೇಕಾದದ್ದು, ಯಾರಿಂದ ಸ್ವತಂತ್ರ ಅಂತ.

ಪದದ ಬೇರು ನೋಡಿ. ತಂತ್ರ ಅಂದರೆ ಇವತ್ತು ನಮಗೆ ಉಪಾಯ, ಇಲ್ಲವೇ ಮಂತ್ರದ ಜೊತೆ ಬರುವ ಪದ. ಮೂಲದಲ್ಲಿ ಅದು ಮಗ್ಗದ್ದು. ಸಂಸ್ಕೃತದ ‘ತನ್’ ಅಂದರೆ ಎಳೆ, ಹಿಗ್ಗಿಸು. ತಂತು, ತಂತಿ ಎಲ್ಲ ಅದೇ ಬಳ್ಳಿಯವು. ತಂತ್ರ ಅಂದರೆ ಮಗ್ಗ, ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು, ಅಂದರೆ ಹಾಸು. ಹಾಸು ಇದ್ದಂತೆ ಬಟ್ಟೆ. ಹಾಗಾಗಿ ಪದಕ್ಕೆ ವ್ಯವಸ್ಥೆ, ಹಿಡಿತ ಅನ್ನುವ ಅರ್ಥ ಬಂತು. ಹಿಡಿತ ತನ್ನದೇ ಆದರೆ ಸ್ವತಂತ್ರ, ಬೇರೆಯವರದಾದರೆ ಪರತಂತ್ರ, ಯಾರದೂ ಅಲ್ಲದಿದ್ದರೆ ಚುನಾವಣೆ ಮುಗಿದ ಮೇಲೆ ಪೇಪರಿನಲ್ಲಿ ಬರುವ ‘ಅತಂತ್ರ ವಿಧಾನಸಭೆ’. ಕಂಪನಿಯಲ್ಲಿ ಆಗಲೇ ಹಾಸುಹೊಕ್ಕಾಗಿ ಸೇರಿಹೋದ ಎಳೆಯನ್ನು ಸ್ವತಂತ್ರ ಅನ್ನಲಾಗದು.

ಚುನಾವಣೆಯಲ್ಲಿ ನಾವು ಇದಕ್ಕೆ ಎಷ್ಟು ಚೆನ್ನಾದ ಪದ ಮಾಡಿಕೊಂಡಿದ್ದೇವೆ! ಪಕ್ಷೇತರ. ಪಕ್ಷಕ್ಕೆ ಸೇರದವರು ಅಂತ ಪದವೇ ಹೇಳುತ್ತದೆ. ಕಂಪನಿಗೂ ಅಂಥದೊಂದು ಪದ ಸಿಕ್ಕಿದ್ದರೆ ಈ ಗೊಂದಲ ಇರುತ್ತಿರಲಿಲ್ಲ.

2013ರ ಕಂಪನಿ ಕಾಯ್ದೆಯ 149ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಸ್ವತಂತ್ರ ನಿರ್ದೇಶಕರು ಕಂಪನಿಯ ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ಹಿಡಿತದಲ್ಲಿ ಇಟ್ಟುಕೊಂಡವರು, ಆಗಿರಬಾರದು. ಪ್ರವರ್ತಕರಿಗಾಗಲೀ ಬೇರೆ ನಿರ್ದೇಶಕರಿಗಾಗಲೀ ಸಂಬಂಧಿಯೂ ಆಗಿರಬಾರದು. ಹಿಂದಿನ 3 ಹಣಕಾಸು ವರ್ಷಗಳಲ್ಲಿ ಅಲ್ಲಿ ನೌಕರಿ ಮಾಡಿರಬಾರದು. ಮಿತಿ ದಾಟಿದ ಹಣದ ವ್ಯವಹಾರವೂ ಇರಬಾರದು. ಸಂಬಂಧಿ ಅಂದರೆ ಯಾರು ಅಂತ ಪಟ್ಟಿಯೇ ಇದೆ. ಅದರಲ್ಲಿ ಸೊಸೆ ಇದ್ದಾರೆ, ಅಳಿಯನೂ ಇದ್ದಾರೆ.

ಒಂದೇ ಊರಿನ ಉದಾಹರಣೆ ಸಾಕು. ಕಿರಣ್ ಮಜುಂದಾರ್ ಶಾ 1978ರಲ್ಲಿ ಬಯೋಕಾನ್ ಅನ್ನುವ ಔಷಧ ಕಂಪನಿ ಕಟ್ಟಿದವರು, ಅದರ ಪ್ರವರ್ತಕರು. ಹಾಗಾಗಿ ಬಯೋಕಾನ್‌ನಲ್ಲಿ ಅವರು ಸ್ವತಂತ್ರ ನಿರ್ದೇಶಕಿ ಆಗಲಾರರು. ಅದೇ ಬೆಂಗಳೂರಿನ ಇನ್ಫೋಸಿಸ್‌ನಲ್ಲಿ 2023ರವರೆಗೆ ಅವರು ಸ್ವತಂತ್ರ ನಿರ್ದೇಶಕಿಯೇ ಆಗಿದ್ದರು. ವ್ಯಕ್ತಿ ಒಬ್ಬರೇ. ಕಂಪನಿ ಬದಲಾದರೆ ಪದವೂ ಬದಲಾಗುತ್ತದೆ.

‘ಸ್ವತಂತ್ರ’ ಅನ್ನುವ ಪದ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳಿಗೆ ಒಬ್ಬ ಮಹಿಳೆಯಾದರೂ ಮಂಡಳಿಯಲ್ಲಿರಬೇಕು ಅಂತ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳಿ, 2015ರ ಏಪ್ರಿಲ್ 1ರ ಗಡುವು ಕೊಟ್ಟಿತು. ಎಷ್ಟೋ ಕಂಪನಿಗಳು ಮನೆಯ ಹೆಣ್ಣುಮಕ್ಕಳನ್ನೇ ಕೂರಿಸಿ ಲೆಕ್ಕ ಸರಿಮಾಡಿದವು. ಅವರಲ್ಲೂ ಸಮರ್ಥರು ಇದ್ದರು. ಆದರೆ ಇಪ್ಪತ್ತು ವರ್ಷ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದು ಮೇಲೆ ಬಂದ ಹೆಣ್ಣುಮಕ್ಕಳು ಬಾಗಿಲ ಹೊರಗೇ ಉಳಿದರು. ಸೆಬಿಯೇ ನೇಮಿಸಿದ ಉದಯ್ ಕೋಟಕ್ ಸಮಿತಿ 2017ರಲ್ಲಿ ‘ಸ್ವತಂತ್ರ’ ಅನ್ನುವ ಪದವನ್ನೂ ಸೇರಿಸಿ ಅಂದಿತು. ಸೆಬಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಮೊದಲ 1000ಕ್ಕೆ 2020ರ ಏಪ್ರಿಲ್‌ನಿಂದ ಅದನ್ನು ಕಡ್ಡಾಯ ಮಾಡಿತು. ಈಗ ಆ ಒಂದು ಪದವನ್ನು ಸುಮ್ನೆ ಎಲ್ಲರಿಗೂ ಹಂಚಿದರೆ, ಯಾರಿಗಾಗಿ ಅದನ್ನು ಸೇರಿಸಿದರೋ ಅವರಿಗೇ ನಷ್ಟ.

 

ಗೊಂದಲ ಇನ್ನೊಂದು ಕಡೆಗೂ ಹರಿದಿದೆ. ನನ್ನ ಗೆಳತಿಯೊಬ್ಬಳು ದೊಡ್ಡ ಕಂಪನಿಯ ಹಣಕಾಸು ವಿಭಾಗದ ಮುಖ್ಯಸ್ಥೆ. ಬ್ಯಾಲೆನ್ಸ್ ಶೀಟಿನಲ್ಲಿ ತಪ್ಪು ಎಲ್ಲಿದೆ ಅಂತ ಪುಟ ತಿರುಗಿಸುವಾಗಲೇ ಹೇಳುವವಳು. ಯಾವುದಾದರೂ ಕಂಪನಿಯ ಮಂಡಳಿಗೆ ಯಾಕೆ ಪ್ರಯತ್ನಿಸಬಾರದು ಅಂತ ಕೇಳಿದೆ.

“ಸ್ವತಂತ್ರ ಅಂದ್ರೆ ಕೆಲಸ ಬಿಟ್ಟಿರಬೇಕು ಅಲ್ವೇನೇ? ನಾನಿನ್ನೂ ನೌಕರಿಯಲ್ಲಿದ್ದೀನಿ.”

ಎಷ್ಟು ವರ್ಷದಿಂದ ಹಾಗೆ ನಂಬಿಕೊಂಡಿದ್ದಳೋ! ನಿನ್ನ ಕಂಪನಿಯಲ್ಲಿ ನೀನು ಸ್ವತಂತ್ರಳಲ್ಲ, ನಂಟಿಲ್ಲದ ಬೇರೆ ಕಂಪನಿಯಲ್ಲಿ ಆಗಬಹುದು ಅಂದೆ. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಯೊಂದರ ಪೂರ್ಣಾವಧಿ ನಿರ್ದೇಶಕರು ಕೂಡ ಇಂಥ 3 ಕಂಪನಿಗಳವರೆಗೆ ಸ್ವತಂತ್ರ ನಿರ್ದೇಶಕರಾಗಬಹುದು ಅಂತ ಸೆಬಿ ನಿಯಮವೇ ಇದೆ. ನಿನ್ನ ಕಂಪನಿಯ ಒಪ್ಪಿಗೆ ಮೊದಲು ಕೇಳು, ಆಮೇಲೆ ಸ್ವತಂತ್ರ ನಿರ್ದೇಶಕರ ಡೇಟಾಬ್ಯಾಂಕ್‌ನಲ್ಲಿ ಹೆಸರು ಬರೆಸು ಅಂದೆ. ಅದನ್ನು ಹರಿಯಾಣದ ಮಾನೇಸರದಲ್ಲಿರುವ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ ನಡೆಸುತ್ತದೆ. ಹೆಸರು ಬರೆಸಿದ ಮೇಲೆ ಆನ್‌ಲೈನ್ ಪರೀಕ್ಷೆ, ಪಾಸಾಗಲು ಶೇ 50 ಅಂಕ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಕಂಪನಿ ಕಾಯ್ದೆ ಪುಸ್ತಕ ನಿನ್ನ ಹತ್ರ ಇದೆಯೇನೇ?” ಅಂದಳು.