ಎಲ್ಕ್ ಬೇಟೆಗೆ ಎಂಥ ಟೆಂಟ್ ಹೊರಬೇಕು?

ಪ್ರಶ್ನೆ: ಡೆನ್ವರ್‌ನಲ್ಲಿ ನೆಲೆಸಿದ್ದೇನೆ. ಊರಲ್ಲಿದ್ದಾಗ ಪಶ್ಚಿಮ ಘಟ್ಟದಲ್ಲಿ ಚಾರಣ ಮಾಡಿ ಗೊತ್ತು, ಬೇಟೆ ಮಾತ್ರ ಹೊಸದು. ಈ ಸಲ ಗೆಳೆಯನ ಜೊತೆ ಕೊಲರಾಡೊದ ಕಾಡಿನಲ್ಲಿ ಐದಾರು ದಿನ ಉಳಿದು ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗುವವನಿದ್ದೇನೆ. ಬರೀ ಟಾರ್ಪ್ (ಹಗ್ಗದಿಂದ ಬಿಗಿದು ಕಟ್ಟುವ, ಗೋಡೆಯಿಲ್ಲದ ಹೊದಿಕೆ) ಸಾಕು ಅಂತ ಕೆಲವರು, ಒಲೆ ಇಡುವಂಥ ಟೆಂಟೇ ಬೇಕು ಅಂತ ಇನ್ನು ಕೆಲವರು. ಯಾವುದನ್ನು ಕೊಳ್ಳಲಿ?

ಉತ್ತರ: ಯಾವ ತಿಂಗಳು ಹೊರಟಿದ್ದೀರಿ ಎಂದು ನೀವು ಬರೆದಿಲ್ಲ. ಅರ್ಧ ಉತ್ತರ ಅಲ್ಲೇ ಇದೆ. ಕೊಲರಾಡೊದಲ್ಲಿ ಬಿಲ್ಲುಬಾಣದ ಬೇಟೆ ನಡೆಯುವುದು ಸೆಪ್ಟೆಂಬರ್‌ನಲ್ಲಿ, ರೈಫಲ್ ಬೇಟೆಯ ಮುಖ್ಯ ಅವಧಿಗಳು ಅಕ್ಟೋಬರ್, ನವೆಂಬರ್‌ನಲ್ಲಿ. ಸೆಪ್ಟೆಂಬರ್ ಮೊದಲ ವಾರ 10,000 ಅಡಿ ಎತ್ತರದಲ್ಲಿ ನಿಮಗೆ ಎದುರಾಗುವುದು ಮಧ್ಯಾಹ್ನದ ಗುಡುಗು ಮಳೆ. ತಿಂಗಳ ಕೊನೆಗೆ ಅದೇ ಜಾಗದಲ್ಲಿ ಹಿಮ ಬೀಳಬಹುದು. ಅಕ್ಟೋಬರ್ ಮುಗಿಯುವ ಹೊತ್ತಿಗಂತೂ ಹಿಮಕ್ಕೆ ತಯಾರಾಗಿಯೇ ಹೋಗಬೇಕು.

ನನ್ನ ಸಲಹೆ ಇಷ್ಟು: ಇಬ್ಬರಿಗಾಗುವ, ನಡುವೆ ಒಂದೇ ಕಂಬವಿರುವ, ನೆಲಹಾಸು ಹೊಲಿಯದ ಪಿರಮಿಡ್ ಟೆಂಟ್ ಕೊಳ್ಳಿ. ಒಲೆಯ ಕೊಳವೆ ಹೊರಹೋಗಲು ಶಾಖ ತಡೆಯುವ ಕಿಂಡಿ ಇರುವಂಥದ್ದೇ ಇರಲಿ. ಸೆಪ್ಟೆಂಬರ್‌ನಲ್ಲಿ ಒಲೆ ಮನೆಯಲ್ಲಿರಲಿ, ಅಕ್ಟೋಬರ್ ನಡುವಿನ ನಂತರ ಹೊತ್ತೊಯ್ಯಿರಿ.

ತೂಕದ ಬಗ್ಗೆ ಬೇಟೆಗಾರರು ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಚಾರಣದಲ್ಲಿ ದಿನ ಕಳೆದಂತೆ ಬ್ಯಾಗ್ ಹಗುರಾಗುತ್ತದೆ. ಬೇಟೆ ಸಿಕ್ಕಿದರೆ ಇಲ್ಲಿ ಕೊನೆಯ ದಿನವೇ ಎಲ್ಲಕ್ಕಿಂತ ಭಾರ. ಬೆಳೆದ ಗಂಡು ಎಲ್ಕ್ 300 ಕಿಲೋ ತೂಗುತ್ತದೆ, ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕಿಲೋ ಆಗಬಹುದು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಲ್ಲಿ ಅಪರಾಧ, ಬಿಡಲೂಬಾರದು. ಕೊಲರಾಡೊದ ವೆಮಿನೂಚ್, ಫ್ಲ್ಯಾಟ್ ಟಾಪ್ಸ್‌ನಂಥ ವೈಲ್ಡರ್‌ನೆಸ್ ಪ್ರದೇಶಗಳಲ್ಲಿ, ಅಂದರೆ ಕಾನೂನಿನಡಿ ಕಾಡಾಗಿಯೇ ಉಳಿಸಿದ ಜಾಗಗಳಲ್ಲಿ, 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಕುದುರೆ ಇಲ್ಲದವರು ಬೆನ್ನ ಮೇಲೆ ಹೊತ್ತು ಹಲವು ಸಲ ಓಡಾಡಬೇಕು.

ಹಾಗೆಂದು ಅಂಗಡಿಯವರು ಬರೆದ ತೂಕವನ್ನು ಹಾಗೇ ನಂಬಬೇಡಿ. ಎರಡು ಪದರದ ಇಬ್ಬರ ಟೆಂಟ್ ಸಾಮಾನ್ಯವಾಗಿ 1.3ರಿಂದ 1.8 ಕಿಲೋ. ಸಿಲ್‌ನೈಲಾನ್ (ಸಿಲಿಕಾನ್ ಲೇಪಿಸಿದ ನೈಲಾನ್) ಪಿರಮಿಡ್ 600ರಿಂದ 900 ಗ್ರಾಂ. ಇಬ್ಬರು ಮಲಗುವ ಟಾರ್ಪ್ 400-500 ಗ್ರಾಂ. ಆದರೆ ಪಿರಮಿಡ್‌ನ ತೂಕದಲ್ಲಿ ಕಂಬ, ಗೂಟ, ಹಗ್ಗ, ಕೆಳಗೆ ಹಾಸುವ ಶೀಟು ಹಲವು ಸಲ ಸೇರಿರುವುದಿಲ್ಲ. ಟಾರ್ಪ್ ಕಟ್ಟಿದವರು ಇರಚಲಿಗೆ ಹೆದರಿ ಇಬ್ಬರಿಗೂ ಬಿವಿ ಚೀಲ (ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕುವ ನೀರು ತಡೆಯುವ ಹೊರಚೀಲ) ಹೊತ್ತರೆ ಅಲ್ಲಿಗೆ ಉಳಿಸಿದ ತೂಕವೆಲ್ಲ ವಾಪಸು ಬಂತು. ಟಾರ್ಪ್ ಕಟ್ಟುವುದರಲ್ಲಿ ಪಳಗಿದವರಿಗೆ ಅದು ಸುಖ. ಮೊದಲ ಬೇಟೆಗೆ, ಮರದ ಸಾಲು ಮುಗಿಯುವ ಎತ್ತರದಲ್ಲಿ ಗಾಳಿ ದಿಕ್ಕು ಬದಲಿಸುವಾಗ, ನಾನಂತೂ ಅದನ್ನು ಒಯ್ಯಿರಿ ಎಂದು ಹೇಳಲಾರೆ.

ಚಾರಣಿಗರಿಗೆ ಹೊಳೆಯದ ಇನ್ನೊಂದು ವಿಷಯವಿದೆ. ಹಗುರ ಟೆಂಟ್‌ಗಳಲ್ಲಿ ಬಹಳಷ್ಟು ನಿಲ್ಲುವುದು ಕೈಯಲ್ಲಿ ಹಿಡಿದು ನಡೆಯುವ ಟ್ರೆಕಿಂಗ್ ಪೋಲ್ ಮೇಲೆ. ಚಾರಣಿಗನಿಗೆ ತೊಂದರೆಯಿಲ್ಲ, ಬೆಳಗ್ಗೆ ಟೆಂಟ್ ಬಿಚ್ಚಿ ಪೋಲ್ ಹಿಡಿದು ಮುಂದಕ್ಕೆ ಹೋಗುತ್ತಾನೆ. ಬೇಟೆಗಾರನ ಟೆಂಟ್ ಅಲ್ಲೇ ನಿಂತಿರುತ್ತದೆ. ಅವನು ಕತ್ತಲಲ್ಲೇ ಎದ್ದು ಹೋಗಿ ಮತ್ತೆ ಕತ್ತಲಾದ ಮೇಲೆ ಮರಳುತ್ತಾನೆ. ಪೋಲ್ ತೆಗೆದುಕೊಂಡು ಹೋದರೆ ಟೆಂಟ್ ನೆಲಕ್ಕೆ ಮಲಗುತ್ತದೆ, ಬಿಟ್ಟು ಹೋದರೆ 40 ಕಿಲೋ ಮಾಂಸ ಹೊತ್ತು ಕಡಿದಾದ ಇಳಿಜಾರು ಇಳಿಯುವಾಗ ಮಂಡಿಗೆ ಆಸರೆಯಿರುವುದಿಲ್ಲ. ಟೆಂಟ್‌ಗೆಂದೇ ಬೇರೆ ಕಾರ್ಬನ್ ಕಂಬ ಕೊಳ್ಳಿ. ಅದರ ಒಂದಿಷ್ಟು ಗ್ರಾಂಗಳ ಬಗ್ಗೆ ಯೋಚಿಸಲೇಬೇಡಿ.

ಬಟ್ಟೆಯ ವಿಚಾರ ಬೇಗ ಮುಗಿಸುತ್ತೇನೆ. ನೈಲಾನ್ ಗಟ್ಟಿ, ಆದರೆ ಒದ್ದೆಯಾದರೆ ಹಿಗ್ಗಿ ಜೋತುಬೀಳುತ್ತದೆ. ಮಲಗುವ ಮುಂಚೆ ಹಗ್ಗಗಳನ್ನು ಮತ್ತೊಮ್ಮೆ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ನನ್ನ ಒಲವು ಅದರ ಕಡೆಗೆ. ಡೈನೀಮಾ ಎಂಬ ಗಟ್ಟಿ ಕೃತಕ ನಾರಿನ ಹಾಳೆ ಎಲ್ಲಕ್ಕಿಂತ ಹಗುರ, ನೀರು ಹೀರುವುದಿಲ್ಲ, ಬೆಲೆ ವಿಪರೀತ. ಶಾಖಕ್ಕೂ ಬೇಗ ಕರಗುತ್ತದೆ, ಒಲೆಯ ಜೊತೆ ಅದರ ಸಹವಾಸ ಬೇಡ.

ಘಟ್ಟದ ಅಭ್ಯಾಸವೊಂದನ್ನು ನೀವು ಬಿಡಬೇಕಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಜಿಗಣೆಗೆ ಹೆದರಿ ಜಿಪ್ ಎಲ್ಲ ಎಳೆದು ಮಲಗುತ್ತೇವೆ. ರಾಕಿ ಪರ್ವತದಲ್ಲಿ ಹಾಗೆ ಮಾಡಿದರೆ ಇಬ್ಬರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗಲಿ ನೀರಾಗುತ್ತದೆ, ಬೆಳಗಿನ ಜಾವ ಅಲ್ಲೇ ಹೆಪ್ಪುಗಟ್ಟುತ್ತದೆ. ಎದ್ದು ಭುಜ ತಗಲಿಸಿದಿರೋ, ಮಂಜಿನ ಪುಡಿ ಸ್ಲೀಪಿಂಗ್ ಬ್ಯಾಗ್ ಮೇಲೆ ಉದುರುತ್ತದೆ. ಹಕ್ಕಿಯ ತುಪ್ಪುಳ ತುಂಬಿದ ಬ್ಯಾಗ್ ಹೀಗೆ ದಿನವೂ ತೇವ ಕುಡಿದರೆ ನಾಲ್ಕನೆಯ ರಾತ್ರಿ ಬೆಚ್ಚಗಿಡುವುದಿಲ್ಲ. ಮೇಲಿನ ಗಾಳಿಕಿಂಡಿ ತೆರೆದಿಡಿ, ಕೆಳ ಅಂಚನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಕಟ್ಟಿ. ಹೊಳೆ ಪಕ್ಕದ ಹುಲ್ಲುಗಾವಲು ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿ ಟೆಂಟ್ ಹಾಕಬೇಡಿ, ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುವುದು ಅಂಥ ತಗ್ಗಿನಲ್ಲೇ. ಸ್ವಲ್ಪ ಮೇಲಕ್ಕೆ ಹತ್ತಿ, ಮರಗಳ ನಡುವೆ ಸಮತಟ್ಟು ಜಾಗ ಹುಡುಕಿ. ಹುಡುಕುವಾಗ ತಲೆ ಎತ್ತಿ ನೋಡುವುದನ್ನು ಮರೆಯಬೇಡಿ: ಕೊಲರಾಡೊದಲ್ಲಿ ತೊಗಟೆ ದುಂಬಿ ಕೊರೆದು ಸತ್ತ ಸ್ಪ್ರೂಸ್ ಮರಗಳು ಗುಡ್ಡಗುಡ್ಡಗಳಲ್ಲೇ ನಿಂತಿವೆ. ಸೂಜಿ ಎಲೆ ಉದುರಿ ಬೂದು ಬಣ್ಣಕ್ಕೆ ತಿರುಗಿದ ಮರ ಬಿದ್ದರೆ ತಲುಪುವಷ್ಟು ಹತ್ತಿರ ಮಲಗಬಾರದು.

ಈಗ ಒಲೆ. ಟೈಟಾನಿಯಂನ ಮಡಚುವ ಒಲೆ, ಸುರುಳಿ ಸುತ್ತುವ ಕೊಳವೆ ಎಲ್ಲ ಸೇರಿ ಒಂದರಿಂದ ಒಂದೂವರೆ ಕಿಲೋ. ಅದು ರಾತ್ರಿಯಿಡೀ ಬೆಚ್ಚಗಿಡುತ್ತದೆ ಅಂದುಕೊಂಡು ಕೊಂಡವರಿಗೆ ನಿರಾಸೆಯಾಗುತ್ತದೆ. ಅಷ್ಟು ಸಣ್ಣ ಒಲೆಯಲ್ಲಿ ಒಂದು ಸಲ ತುಂಬಿದ ಸೌದೆ ಬೇಗ ಮುಗಿಯುತ್ತದೆ. ಅದರ ನಿಜವಾದ ಉಪಯೋಗ ಒಣಗಿಸುವುದು. ದಿನವಿಡೀ ಹಿಮದಲ್ಲಿ ನೆನೆದ ಸಾಕ್ಸ್, ಕೈಗವಸು, ಬೂಟಿನ ಒಳಹಾಸು ಒಣಗಿದರೆ ಮರುದಿನ ಮತ್ತೆ ಹೊರಡಬಹುದು. ನೆಲಹಾಸಿಲ್ಲದ ಟೆಂಟ್ ಬೇಕು ಅಂದದ್ದೂ ಇದಕ್ಕೇ, ಕೆಸರು ಬೂಟಿನಲ್ಲೇ ಒಳಗೆ ಬಂದು ಕೂರಬಹುದು. ಉರಿಯುವ ಒಲೆಯ ಪಕ್ಕ ಮಾತ್ರ ನಿದ್ದೆ ಹೋಗಬೇಡಿ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಬರದ ವರ್ಷಗಳಲ್ಲಿ ಬೆಂಕಿ ನಿರ್ಬಂಧ ಜಾರಿಯಾದರೆ ಕಾಡಿನೊಳಗೆ ಸೌದೆ ಒಲೆಯನ್ನೂ ಹಚ್ಚುವಂತಿಲ್ಲದಿರಬಹುದು, ಹೊರಡುವ ಹಿಂದಿನ ದಿನ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ. ಸೆಪ್ಟೆಂಬರ್‌ಗೆ ಒಲೆ ಬೇಡ ಅಂದದ್ದರಲ್ಲಿ ಈ ಕಾರಣವೂ ಸೇರಿದೆ.

ಕೊನೆಯದಾಗಿ, ಎರಡೂ ಬದಿಗೆ ಸಿಲಿಕಾನ್ ಲೇಪಿಸಿದ ಬಟ್ಟೆಗೆ ಟೇಪ್ ಅಂಟುವುದಿಲ್ಲವಾದ್ದರಿಂದ ಇಂಥ ಅನೇಕ ಟೆಂಟ್‌ಗಳ ಹೊಲಿಗೆಯನ್ನು ಮುಚ್ಚದೆಯೇ ಮಾರುತ್ತಾರೆ. ತಂದ ವಾರವೇ ಹಿತ್ತಲಲ್ಲಿ ಬಿಗಿಯಾಗಿ ಕಟ್ಟಿ, ಹೊಲಿಗೆಯುದ್ದಕ್ಕೂ ಸಿಲಿಕಾನ್ ಅಂಟು ಸವರಿ ಒಂದು ದಿನ ಒಣಗಲು ಬಿಡಿ. ಆಮೇಲೆ ಒಬ್ಬರು ಹೊರಗೆ ಪೈಪ್ ಹಿಡಿದು ನೀರು ಬಿಡಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕಂಬದ ತುದಿಯ ಹೊಲಿಗೆಯನ್ನು ನೋಡಿ. ಸೋರುವುದಿದ್ದರೆ ಮೊದಲು ಸೋರುವುದು ಸಾಮಾನ್ಯವಾಗಿ ಅಲ್ಲೇ.