ಪಾದ್ರಿಗೆ ಮಕ್ಕಳಿರಲಿಲ್ಲ, ಬಿರುದಿಗೆ ವಾರಸುದಾರರಿದ್ದರು

ಪ್ರಶ್ನೆ: 17ನೇ ಶತಮಾನದಲ್ಲಿ ಫ್ರಾನ್ಸಿನ ಮಂತ್ರಿಯಾಗಿದ್ದ ಕಾರ್ಡಿನಲ್ ರಿಶೆಲ್ಯೂ ಚರ್ಚಿನ ಮನುಷ್ಯ, ಮದುವೆಯಾದವನಲ್ಲ. ಆದರೂ ಅವನ ನಂತರ ‘ರಿಶೆಲ್ಯೂ ಡ್ಯೂಕ್’ ಎನ್ನಿಸಿಕೊಂಡವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಇವರೆಲ್ಲ ಯಾರ ಮಕ್ಕಳು? ಹೆಣ್ಣಿನ ಕಡೆಯಿಂದ ಏನೂ ಬರಕೂಡದೆಂಬ ಸಾಲಿಕ್ ಕಾಯಿದೆ ಫ್ರಾನ್ಸಿನಲ್ಲಿ ಇತ್ತಲ್ಲವೇ?

ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆ ಎಂದರೆ, ಈ ಸಲ ಒಮ್ಮೆಗೇ ಉದ್ದಕ್ಕೆ ಬರೆದು ಕೈತೊಳೆದುಕೊಳ್ಳೋಣ ಎನ್ನಿಸಿದೆ. ಕಾರ್ಡಿನಲ್‌ಗೆ ಗುಟ್ಟಿನ ಮಗನಿದ್ದನೇ ಎಂದು ಪಿಸುಗುಟ್ಟುವವರೂ ಇದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಬಿರುದು ಹೋದದ್ದು ಅವನ ಅಕ್ಕನ ಮೊಮ್ಮಗನಿಗೆ. 1631ರಿಂದ 1952ರವರೆಗೆ ಒಟ್ಟು ಎಂಟು ಜನ ಈ ಬಿರುದನ್ನು ಹೊತ್ತರು. ಎರಡು ಸಲ ಅದು ಹೆಣ್ಣುಮಗಳ ಮೂಲಕವೇ ದಾಟಿ ಬಂತು.

ಮೊದಲು ಮನೆಯ ಸ್ಥಿತಿ ನೋಡಿ. ಕಾರ್ಡಿನಲ್‌ನ ನಿಜನಾಮ ಅರ್ಮಾಂ ಜಾಂ ದ್ಯು ಪ್ಲೆಸಿ. ಮೂವರು ಗಂಡುಮಕ್ಕಳಲ್ಲಿ ಅವನು ಕೊನೆಯವನು. ಹಿರಿಯಣ್ಣ ಆಂರಿ 1619ರಲ್ಲಿ ದ್ವಂದ್ವಯುದ್ಧದಲ್ಲಿ ಸತ್ತ, ಮಕ್ಕಳು ಉಳಿದಿರಲಿಲ್ಲ. ಎರಡನೆಯವನು ಆಲ್ಫೋಂಸ್ ಸನ್ಯಾಸಿಯಾಗಿ, ಆಮೇಲೆ ತಾನೂ ಕಾರ್ಡಿನಲ್ ಆದ. ಅಣ್ಣನನ್ನು ಕತ್ತಿಗೆ ಕಳೆದುಕೊಂಡ ರಿಶೆಲ್ಯೂ ಮುಂದೆ ಮಂತ್ರಿಯಾದಾಗ ದ್ವಂದ್ವಯುದ್ಧಕ್ಕೆ ಮರಣದಂಡನೆ ಜಾರಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಇರಲಿ. ಗಂಡು ಸಂತತಿ ಅಲ್ಲಿಗೆ ಮುಗಿಯಿತು. ಉಳಿದವರು ಸೋದರಿಯರ ಮಕ್ಕಳು.

ಅಕ್ಕ ಫ್ರಾಂಸ್ವಾಸಳನ್ನು ಕೊಟ್ಟದ್ದು ವಿನ್ಯೆರೊ ಮನೆತನಕ್ಕೆ. ಅವಳ ಮಗ ನೌಕಾದಳದ ದೊಡ್ಡ ಹುದ್ದೆಯಲ್ಲಿದ್ದ, ಸಾಲ ಮಾಡುವುದರಲ್ಲಿ ಅದಕ್ಕಿಂತ ದೊಡ್ಡವನಾಗಿದ್ದ. 1642ರ ಮೇ ತಿಂಗಳಲ್ಲಿ ನಾರ್ಬೋನ್ ಪಟ್ಟಣದಲ್ಲಿ ಕಾಯಿಲೆಯಲ್ಲಿ ಮಲಗಿದ್ದ ಕಾರ್ಡಿನಲ್ ಉಯಿಲು ಬರೆಸಿದಾಗ ಈ ಸೋದರಳಿಯನನ್ನು ದಾಟಿ, ಅವನ ಮಗನಿಗೆ, ಇನ್ನೂ ಹುಡುಗನಾಗಿದ್ದವನಿಗೆ, ರಿಶೆಲ್ಯೂ ಡಚಿಯನ್ನು, ಎಂದರೆ ಡ್ಯೂಕ್ ಪದವಿ ಅಂಟಿಕೊಂಡ ನೆಲವನ್ನು, ಬಿಟ್ಟ. ಷರತ್ತು ಒಂದೇ: ಹುಡುಗ ತಂದೆಯ ಮನೆತನದ ಹೆಸರನ್ನೂ ಲಾಂಛನವನ್ನೂ ಬಿಟ್ಟು ‘ದ್ಯು ಪ್ಲೆಸಿ’ ಎಂದೇ ಕರೆಸಿಕೊಳ್ಳಬೇಕು. ಹುಡುಗನ ಹೆಸರೂ ಅರ್ಮಾಂ ಜಾಂ. ಹೀಗಾಗಿ ಕಡತದಲ್ಲಿ ಅಜ್ಜಿಯ ತಮ್ಮನೂ ಮೊಮ್ಮಗನೂ ಒಂದೇ ಹೆಸರಿನವರು. ಗುಟ್ಟಿನ ಮಗನ ಕತೆ ಹುಟ್ಟಲು ಇನ್ನೇನು ಬೇಕು?

ಕರಾವಳಿಯ ಓದುಗರೊಬ್ಬರು “ಇದು ನಮ್ಮ ಅಳಿಯಸಂತಾನವೇ ಅಲ್ಲವೇ” ಎಂದು ಕೇಳಿದ್ದರು. ಅಲ್ಲ. ಅಳಿಯಸಂತಾನದಲ್ಲಿ ಸೋದರಿಯ ಮಕ್ಕಳಿಗೆ ಹೋಗುವುದೇ ಕಟ್ಟಳೆ. ಇಲ್ಲಿ ಅದು ಒಬ್ಬ ಮನುಷ್ಯನ ಆಯ್ಕೆ, ಆ ಆಯ್ಕೆಗೆ ಅವಕಾಶ ಕೊಟ್ಟದ್ದು ಒಂದು ಕಾಗದ.

ಆ ಕಾಗದವೇ ಮುಖ್ಯ. ನಮ್ಮವರ ಮಾತಿನಲ್ಲಿ ಅದನ್ನು ಸನದು ಎನ್ನಬಹುದು. ಹಳೆಯ ಫ್ರಾನ್ಸಿನಲ್ಲಿ ಡ್ಯೂಕ್ ಪದವಿ ಆಸಾಮಿಯ ತಲೆಗೆ ಕಟ್ಟಿದ ಪೇಟವಲ್ಲ. ಒಂದು ತುಂಡು ನೆಲವನ್ನು ರಾಜ ಡಚಿಯ ದರ್ಜೆಗೆ ಏರಿಸುತ್ತಿದ್ದ. ಆ ನೆಲದ ಒಡೆಯ ಡ್ಯೂಕ್ ಆಗುತ್ತಿದ್ದ. ಸನದನ್ನು ಪ್ಯಾರಿಸ್ಸಿನ ಪಾರ್ಲಮಾಂ ತನ್ನ ದಫ್ತರಿನಲ್ಲಿ ನೋಂದಾಯಿಸಬೇಕಿತ್ತು (ಅದು ನ್ಯಾಯಾಲಯ, ನಮ್ಮ ಸಂಸತ್ತಿನಂಥದ್ದಲ್ಲ, ಇದನ್ನೂ ಎಷ್ಟು ಸಲ ಹೇಳುವುದು). ರಿಶೆಲ್ಯೂ ಸನದು 1631ರ ಆಗಸ್ಟಿನದು, ಮರುತಿಂಗಳೇ ನೋಂದಣಿಯಾಯಿತು. ಬಿರುದು ಯಾರಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಆ ಸನದಿನ ಒಕ್ಕಣೆ. ‘ಗಂಡು ಸಂತತಿಗೆ’ ಎಂದು ಬರೆದಿದ್ದರೆ ಗಂಡಿಗೆ, ‘ವಾರಸುದಾರರಿಗೆ’ ಎಂದು ಸಡಿಲವಾಗಿ ಬರೆದಿದ್ದರೆ ಯಾರು ವಾರಸುದಾರರೋ ಅವರಿಗೆ. ರಾಜ್ಯವನ್ನೇ ನಡೆಸುತ್ತಿದ್ದ, ಮಕ್ಕಳಾಗುವ ಸಂಭವವೇ ಇಲ್ಲದ ಪಾದ್ರಿ ತನಗಾಗಿ ಯಾವ ಒಕ್ಕಣೆ ಬರೆಸಿಕೊಂಡಿರಬಹುದು, ನೀವೇ ಹೇಳಿ.

ಈಗ ಆ ಸಾಲಿಕ್ ಕಾಯಿದೆಯ ಭೂತಕ್ಕೆ ಬರೋಣ. ಇದನ್ನು ಎಷ್ಟು ಸಲ ಮರದಿಂದ ಇಳಿಸಿದರೂ ಮತ್ತೆ ಏರಿ ಕುಳಿತುಕೊಳ್ಳುತ್ತದೆ.

ಸಾಲಿಯನ್ ಫ್ರಾಂಕರು ಎಂಬ ಬುಡಕಟ್ಟಿನವರು ಸುಮಾರು 6ನೇ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿನಲ್ಲಿ ಬರೆಸಿಟ್ಟ ಕಟ್ಟಳೆಗಳೇ ಸಾಲಿಕ್ ಕಾಯಿದೆ. ಹೆಸರು ಕೇಳಿದರೆ ಸಿಂಹಾಸನದ ಗಾಂಭೀರ್ಯ, ತೆರೆದು ನೋಡಿದರೆ ಹಂದಿ ಕಳವು. ಹಾಲು ಕುಡಿಯುವ ಮರಿಯನ್ನು ಕದ್ದರೆ ಇಷ್ಟು ದಂಡ, ತಾಯಿ ಬಿಟ್ಟ ಮರಿಯನ್ನು ಕದ್ದರೆ ಇಷ್ಟು, ಮುಂದೆ ದನ, ಕುರಿ, ನಾಯಿ, ಜೇನುಗೂಡು. ಇವುಗಳ ನಡುವೆ ಎಲ್ಲೋ ಒಂದು ಕಡೆ, ‘ಸಾಲಿಕ್ ನೆಲ’ದಲ್ಲಿ ಹೆಣ್ಣಿಗೆ ಪಾಲಿಲ್ಲ ಎಂಬ ಸಾಲು. ಕಿರೀಟದ ಮಾತಿಲ್ಲ. ಡ್ಯೂಕ್, ಕೌಂಟ್‌ಗಳ ಮಾತಂತೂ ಇಲ್ಲವೇ ಇಲ್ಲ. ವಂಶಪಾರಂಪರ್ಯದ ಅಂಥ ಬಿರುದುಗಳು ಆಗ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ ಫ್ರಾನ್ಸಿನ ಸಿಂಹಾಸನ ಹೆಣ್ಣಿಗೆ ತಪ್ಪಿದ್ದು ಹೇಗೆ? 1316ರಲ್ಲಿ ಹತ್ತನೆಯ ಲೂಯಿ ಸತ್ತ. ಅವನು ಸತ್ತ ಮೇಲೆ ಹುಟ್ಟಿದ ಗಂಡುಮಗು ಐದೇ ದಿನ ಬದುಕಿತು. ಉಳಿದವಳು ನಾಲ್ಕು ವರ್ಷದ ಮಗಳು ಜಾನ್. ಚಿಕ್ಕಪ್ಪ ಫಿಲಿಪ್ ಅವಳನ್ನು ಪಕ್ಕಕ್ಕೆ ಸರಿಸಿ 1317ರ ಜನವರಿಯಲ್ಲಿ ರೀಮ್ಸ್ ನಗರದಲ್ಲಿ ತಾನೇ ಕಿರೀಟ ಇಟ್ಟುಕೊಂಡ. ಮುಂದಿನ ತಿಂಗಳು ಒಂದು ಸಭೆ ಸೇರಿ, ಹೆಣ್ಣು ಫ್ರಾನ್ಸಿನ ಸಿಂಹಾಸನಕ್ಕೆ ಬರುವಂತಿಲ್ಲ ಎಂದಿತು. ಆ ಸಭೆಯಲ್ಲಿ ಸಾಲಿಕ್ ಕಾಯಿದೆಯ ಹೆಸರನ್ನೇ ಯಾರೂ ಎತ್ತಲಿಲ್ಲ. ಸುಮಾರು ನಲವತ್ತು ವರ್ಷ ಕಳೆದ ಮೇಲೆ ಸ್ಯಾಂ ದೆನಿ ಮಠದ ಸನ್ಯಾಸಿಯೊಬ್ಬ ಹಳೆಯ ಹಸ್ತಪ್ರತಿಯಲ್ಲಿ ಆ ಕಾಯಿದೆಯನ್ನು ಹುಡುಕಿ ತೆಗೆದ. ತಾಯಿಯ ಕಡೆಯಿಂದ ಹಕ್ಕು ಹೇಳುತ್ತಿದ್ದ ಇಂಗ್ಲೆಂಡಿನ ರಾಜರ ಬಾಯಿ ಮುಚ್ಚಿಸಲು 15ನೇ ಶತಮಾನದ ವಕೀಲರು ಅದನ್ನು ಝಳಪಿಸಿದರು. ಕೆಲಸ ಮೊದಲು ಆಯಿತು, ಕಾಯಿದೆ ಆಮೇಲೆ ಸಿಕ್ಕಿತು.

ನನಗೆ ಬಹಳ ಇಷ್ಟವಾದ ಚಿತ್ರ ರೀಮ್ಸ್‌ನ ಆ ಪಟ್ಟಾಭಿಷೇಕದ್ದೇ. ಅಲ್ಲಿ ರಾಜ್ಯದ ಪೇರ್‌ಗಳ, ಎಂದರೆ ಅತ್ಯುಚ್ಚ ದರ್ಜೆಯ ಒಡೆಯರ ಸಾಲಿನಲ್ಲಿ ಒಬ್ಬ ಹೆಂಗಸು ಇದ್ದಾಳೆ: ಆರ್ತ್ವಾ ಸೀಮೆಯ ಕೌಂಟೆಸ್ ಮಾಹೋ. ಯಾರದೋ ಹೆಂಡತಿಯಾಗಿ ಬಂದವಳಲ್ಲ, ಸ್ವಂತ ಹಕ್ಕಿನಿಂದ ಬಂದವಳು. 1302ರಲ್ಲಿ ತಂದೆ ಯುದ್ಧದಲ್ಲಿ ಸತ್ತಾಗ, ಮೊದಲೇ ತೀರಿಕೊಂಡಿದ್ದ ಅಣ್ಣತಮ್ಮನಿಗೆ ಗಂಡುಮಗನಿದ್ದರೂ ಆರ್ತ್ವಾ ಹೋದದ್ದು ಮಗಳಾದ ಮಾಹೋಗೆ. ಸೋದರನ ಮಗ ರೊಬೇರ್ ವರ್ಷಗಟ್ಟಲೆ ದಾವೆ ಹೂಡಿ ಸೋತ. ಹೆಣ್ಣಿಗೆ ಕಿರೀಟವಿಲ್ಲ ಎಂದ ರಾಜನ ಪಟ್ಟಾಭಿಷೇಕಕ್ಕೆ ಹೆಣ್ಣೊಬ್ಬಳು ತನ್ನ ಸೀಮೆಯ ಒಡತಿಯಾಗಿ ಸಾಕ್ಷಿ. ಅವಳು ಆ ರಾಜನ ಅತ್ತೆಯೂ ಹೌದು. ಪಕ್ಕಕ್ಕೆ ಸರಿಸಿದ ಆ ಮಗು ಜಾನ್ ಕೂಡ ಬೆಳೆದು 1328ರಲ್ಲಿ ನವಾರ್ ರಾಜ್ಯದ ರಾಣಿಯಾದಳು.

ಅಷ್ಟು ಹಿಂದಕ್ಕೆ ಹೋಗುವುದು ಬೇಡ ಎನ್ನುವವರಿಗೆ ಕಾರ್ಡಿನಲ್‌ನ ಮನೆಯೊಳಗೇ ಇನ್ನೊಂದು ಸಾಕ್ಷಿ ಇದೆ. ಅಕ್ಕ ಫ್ರಾಂಸ್ವಾಸಳ ಮಗಳು ಮರಿ ಮದ್ಲೆನ್, ಚಿಕ್ಕ ವಯಸ್ಸಿಗೇ ವಿಧವೆ. ಸೋದರಮಾವ ಕಾರ್ಡಿನಲ್‌ನ ಮನೆಯ ಆಡಳಿತವೆಲ್ಲ ಅವಳ ಕೈಯಲ್ಲಿತ್ತು. 1638ರಲ್ಲಿ ಅವಳಿಗಾಗಿ, ಅವಳ ಹೆಸರಿಗೇ, ಎಗ್ವಿಯೋಂ ಡಚಿಯ ಸನದು ಆಯಿತು. ಅವಳ ನಂತರ ಯಾರಿಗೆ? ಗಂಡಾಗಲಿ ಹೆಣ್ಣಾಗಲಿ, ಅವಳು ಆರಿಸಿದ ವಾರಸುದಾರರಿಗೆ. 1675ರಲ್ಲಿ ಅವಳು ತೀರಿಕೊಂಡಾಗ ಅದನ್ನು ಬಿಟ್ಟುಹೋದದ್ದು ಇನ್ನೊಬ್ಬ ಹೆಣ್ಣಿಗೆ, ತನ್ನ ಸೋದರನ ಮಗಳಿಗೆ. ಸಾಲಿಕ್ ಕಾಯಿದೆ ಆಗ ಎಲ್ಲಿ ಮಲಗಿತ್ತು?

ಹೊಗೆ ಇದ್ದಲ್ಲಿ ಒಂದಿಷ್ಟು ಬೆಂಕಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗಂಡು ಸಂತತಿ ನಿಂತರೆ ಡಚಿಯ ನೆಲ ರಾಜನ ಖಾತೆಗೆ ಬರಬೇಕೆಂದು 1566ರಲ್ಲೇ ಒಂದು ಶಾಸನವಿತ್ತು. ಪ್ರಭಾವಿಗಳು ‘ಆ ಶಾಸನ ನಮಗೆ ಅನ್ವಯಿಸದು’ ಎಂಬ ಸಾಲನ್ನು ಸನದಿನಲ್ಲೇ ಸೇರಿಸಿಕೊಳ್ಳುತ್ತಿದ್ದರು. ನಿಜವಾಗಿ ಬಿಗಿ ಹಿಡಿದದ್ದು 1711ರ ಮೇ ತಿಂಗಳ ಶಾಸನ. ‘ವಾರಸುದಾರರು’ ಎಂದು ಎಲ್ಲಿ ಬರೆದಿದ್ದರೂ ಇನ್ನು ಮುಂದೆ ಅದಕ್ಕೆ ಗಂಡಿನಿಂದ ಗಂಡಿಗೆ ಇಳಿದ ಸಂತತಿ ಎಂದೇ ಅರ್ಥ ಎಂದು ಹದಿನಾಲ್ಕನೆಯ ಲೂಯಿ ಅಪ್ಪಣೆ ಮಾಡಿದ. ಹೆಣ್ಣಿನ ಹೆಸರು ಸ್ಪಷ್ಟವಾಗಿ ಇರುವ ಸನದುಗಳಲ್ಲೂ ಅದು ಒಂದೇ ಸಲ ನಡೆಯಬಹುದು, ಅದೂ ಅವಳು ಮದುವೆಯಾಗುವವನನ್ನು ರಾಜ ಒಪ್ಪಿದರೆ ಮಾತ್ರ. ಇದಕ್ಕೆ ಕಾರಣ ಬುಡಕಟ್ಟಿನ ಹಳೆಯ ಕಾಯಿದೆಯಲ್ಲ, ಪಂಕ್ತಿಯ ಜಗಳ. ಹೆಂಡತಿಯಿಂದ ಪಿನೆ ಡಚಿ ಪಡೆದ ಲುಕ್ಸಂಬೂರ್ ಎಂಬ ಮಾರ್ಶಲ್ (ಸೇನಾಪತಿ), ಡ್ಯೂಕ್‌ಗಳ ಸಾಲಿನಲ್ಲಿ ತನ್ನ ಹಿರಿತನವನ್ನು 1581ರ ಮೂಲ ಸನದಿನಿಂದಲೇ ಎಣಿಸಬೇಕೆಂದು ಪಟ್ಟು ಹಿಡಿದಿದ್ದ. ಹಾಗೆ ಎಣಿಸಿದರೆ ಹದಿನಾರು ಜನ ಡ್ಯೂಕ್‌ಗಳು ಒಂದೊಂದು ಮಣೆ ಹಿಂದಕ್ಕೆ ಸರಿಯಬೇಕಾಗುತ್ತಿತ್ತು. ಮದುವೆಮನೆಯಲ್ಲಿ ಮೊದಲ ಪಂಕ್ತಿಗಾಗಿ ನಡೆಯುವ ಮುನಿಸನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಉಳಿದ ಡ್ಯೂಕ್‌ಗಳನ್ನು ಬೇಗ ಮುಗಿಸುತ್ತೇನೆ. ಎರಡನೆಯವನು, ಅದೇ ಹುಡುಗ, ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡ್ಯೂಕ್ ಆಗಿದ್ದ. ಅವನಿಗಾಗಿ ಪೂಸ್ಯಾಂ ಎಂಬ ಚಿತ್ರಕಾರ ಬರೆದ ನಾಲ್ಕು ಋತುಗಳ ಚಿತ್ರಗಳು 1665ರಲ್ಲಿ ರಾಜನ ಪಾಲಾಗಿ, ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಮೂರನೆಯವನು ಮಾರ್ಶಲ್ ರಿಶೆಲ್ಯೂ: ಮೂರು ರಾಜರ ಕಾಲದಲ್ಲಿ ಮೂರು ಮದುವೆ, ಕೊನೆಯದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ. ಅವನು ಸತ್ತದ್ದು 1788ರ ಆಗಸ್ಟ್ 8ರಂದು. ಎರಡು ದಿನ ಕಳೆದು, 10ರಂದು, ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು.

ಐದನೆಯವನು 1791ರಲ್ಲಿ ಡ್ಯೂಕ್ ಆದ, ಎಂದರೆ 1790ರ ಜೂನ್‌ನಲ್ಲಿ ಕ್ರಾಂತಿಯವರು ರದ್ದು ಮಾಡಿದ್ದ ಬಿರುದಿಗೆ ವಾರಸುದಾರನಾದ. ರಷ್ಯಾಕ್ಕೆ ಹೋಗಿ ಒಡೆಸ್ಸಾ ನಗರವನ್ನು ಕಟ್ಟಿ ಬೆಳೆಸಿದ. ಅಲ್ಲಿ ಅವನ ಪ್ರತಿಮೆಯನ್ನು ಜನ ಇಂದಿಗೂ ‘ಡ್ಯೂಕ್’ ಎಂದೇ ಕರೆಯುತ್ತಾರೆ. ಮರಳಿ ಬಂದು ಎರಡು ಸಲ ಫ್ರಾನ್ಸಿನ ಪ್ರಧಾನಿಯಾದ. ಹಳೆಯ ಕುಲೀನರ ಬಿರುದುಗಳನ್ನು 1814ರ ಸಂವಿಧಾನ ಪತ್ರ ಮರಳಿಸಿತ್ತು. ಹದಿಹರೆಯದಲ್ಲೇ ಹಿರಿಯರು ಮಾಡಿಸಿದ್ದ ಮದುವೆಯಲ್ಲಿ ಅವನು ಸಂಸಾರ ಮಾಡಲೇ ಇಲ್ಲ. 1822ರಲ್ಲಿ ಅವನು ಸತ್ತಾಗ ಮತ್ತೆ ಅದೇ ಹಳೆಯ ಕತೆ: ಮಲಸೋದರಿಯ ಮಗ, ಜ್ಯುಮಿಯಾಕ್ ಮನೆತನದ ಹುಡುಗ, ರಾಜಾಜ್ಞೆಯಿಂದ ಡ್ಯೂಕ್ ಆದ. ಎಂಟನೆಯವನು 1952ರಲ್ಲಿ ಮಕ್ಕಳಿಲ್ಲದೆ ಸತ್ತ. ಬಿರುದು ಅಲ್ಲಿಗೆ ನಿಂತಿತು.

ಅವನೇಕೆ ದತ್ತು ತೆಗೆದುಕೊಳ್ಳಲಿಲ್ಲ ಎಂದು ಯಾರೂ ಕೇಳಿಲ್ಲ, ಆದರೆ ಕಿತ್ತೂರು ಮತ್ತು ಮೈಸೂರಿನ ಕತೆ ಓದಿ ಬೆಳೆದವರಿಗೆ ಈ ಸಂಶಯ ಬಂದೇ ಬರುತ್ತದೆ. ನಮ್ಮಲ್ಲಿ ದತ್ತುಪುತ್ರ ಎಲ್ಲ ಅರ್ಥದಲ್ಲೂ ಮಗ. ಅದನ್ನು ಒಪ್ಪದ ಕಂಪನಿಯ ಮೇಲೆ ಚೆನ್ನಮ್ಮ ಕತ್ತಿ ಎತ್ತಿದಳು. ಫ್ರಾನ್ಸಿನಲ್ಲಿ ದತ್ತು ಹೋದವನಿಗೆ ಹೆಸರು ಬರುತ್ತದೆ, ಆಸ್ತಿ ಬರುತ್ತದೆ, ಬಿರುದು ತಾನಾಗಿ ಬರುವುದಿಲ್ಲ. ಅದಕ್ಕೆ ರಾಜನ ಹೊಸ ಅಪ್ಪಣೆ ಬೇಕು. 1952ರಲ್ಲಿ ರಾಜನೆಲ್ಲಿ? ಗಣರಾಜ್ಯ ಹಳೆಯ ಬಿರುದುಗಳನ್ನು ಹೆಸರಿನ ಬಾಲದಂತೆ ಸಹಿಸಿಕೊಳ್ಳುತ್ತದೆ, ನ್ಯಾಯ ಇಲಾಖೆಯಲ್ಲಿ ಅವುಗಳನ್ನು ಪರಿಶೀಲಿಸುವ ಕಚೇರಿಯೂ ಇದೆ, ಹೊಸದಾಗಿ ಕೊಡುವುದಿಲ್ಲ.

ಇನ್ನು ಬಿರುದಿಗೆ ಮೂಲವಾಗಿದ್ದ ಆ ನೆಲ. ಕಾರ್ಡಿನಲ್ ಅಲ್ಲಿ ಲೆಮೆರ್ಸಿಯೆ ಎಂಬ ವಾಸ್ತುಶಿಲ್ಪಿಯಿಂದ ಅರಮನೆಯನ್ನೂ ಅದರ ಪಕ್ಕಕ್ಕೆ ಗೆರೆ ಎಳೆದಂಥ ಬೀದಿಗಳ ಪಟ್ಟಣವನ್ನೂ ಕಟ್ಟಿಸಿದ್ದ. ಮೈಕೆಲೇಂಜೆಲೊ ಕಡೆದ ಇಬ್ಬರು ಗುಲಾಮರ ಪ್ರತಿಮೆಗಳು ಆ ಅರಮನೆಯಲ್ಲಿದ್ದವು, ಈಗ ಲೂವ್ರ್‌ನಲ್ಲಿವೆ. 19ನೇ ಶತಮಾನದಲ್ಲಿ ಅರಮನೆಯನ್ನು ಕೊಂಡವನು ಅದನ್ನು ಕೆಡವಿ ಕಲ್ಲುಗಳನ್ನು ಮಾರಿಬಿಟ್ಟ. ಉಳಿದ ಉದ್ಯಾನವನ್ನು ಕೊನೆಯ ಡ್ಯೂಕ್ 1930ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ. ಪಟ್ಟಣದ ಜನ ಈಗ ಅಲ್ಲಿ ಸಂಜೆಯ ಹೊತ್ತು ತಿರುಗಾಡುತ್ತಾರೆ.